ಆಸ್ಪತ್ರೆಯೇ ಬಸ್ಸು ಹತ್ತಿದಾಗ



ಒಂದು ಬಸ್ ಪ್ರಯಾಣದಿಂದ ಮಾತು ಶುರು ಮಾಡುತ್ತೇನೆ. ಐವತ್ತು ವರ್ಷದ ಹಿಂದಿನ ಮಾತು. ನಾನಾಗ ಹೈಸ್ಕೂಲಿನ ಹುಡುಗ. ನಮ್ಮದು ಶಿರಾ ಸೀಮೆಯ ಒಂದು ಹಳ್ಳಿ. ನನ್ನ ಸೋದರಮಾವನಿಗೆ ಫಿಟ್ಸ್ ಬರುತ್ತಿತ್ತು. ಬಂದಾಗ ಮನೆಯವರು ಅವನ ಮುಷ್ಟಿಯಲ್ಲಿ ಕಬ್ಬಿಣದ ಬೀಗದ ಕೈ ತುರುಕುತ್ತಿದ್ದರು. ಯಾರಾದರೂ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಿದ್ದರು. ಎರಡು ನಿಮಿಷಕ್ಕೆ ಅದು ತಾನಾಗಿಯೇ ನಿಲ್ಲುತ್ತಿತ್ತು. ಕೀರ್ತಿ ಮಾತ್ರ ಬೀಗದ ಕೈಗೆ ಹೋಗುತ್ತಿತ್ತು.

ಯಾರೋ ತಿಳಿದವರು ಹೇಳಿದರು, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು. ಆಸ್ಪತ್ರೆಯ ಹೆಸರು ಬೇಡ. ದೊಡ್ಡ ಊರು, ದೊಡ್ಡ ಕಟ್ಟಡ. ಮಾವ, ಅಜ್ಜ, ಚೀಟಿ ಓದಲಿಕ್ಕೆ ನಾನು. ಬೆಳಗಿನ ಜಾವ ಹೊರಟೆವು. ಎರಡು ಬಸ್ಸು ಬದಲಾಯಿಸಿದೆವು. ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂವರೆ. ಚೀಟಿ ಕೊಡುವ ಕಿಟಕಿ ಹನ್ನೊಂದಕ್ಕೇ ಮುಚ್ಚಿತ್ತು. ಆ ರಾತ್ರಿ ಛತ್ರದ ಜಗುಲಿಯ ಮೇಲೆ ಮಲಗಿದೆವು. ಮರುದಿನ ಡಾಕ್ಟರು ನೋಡಿದರು. ಒಳ್ಳೆಯ ಡಾಕ್ಟರು. ಮೂರು ನಿಮಿಷದಲ್ಲಿ ರೋಗ ಹಿಡಿದರು. ಒಂದು ತಿಂಗಳ ಗುಳಿಗೆ ಕೊಟ್ಟರು. ತಿಂಗಳಾದ ಮೇಲೆ ಮತ್ತೆ ಬನ್ನಿ ಎಂದರು.

ಒಂದು ತಿಂಗಳು ಫಿಟ್ಸ್ ಬರಲಿಲ್ಲ. ಮತ್ತೆ ಹೋದರು, ಮತ್ತೆ ಗುಳಿಗೆ ತಂದರು. ಮೂರನೆಯ ತಿಂಗಳು ಕಡಲೆಕಾಯಿ ಕೀಳುವ ಕಾಲ. ಆಳು ಸಿಗುವುದಿಲ್ಲ, ಮಳೆ ಬಂದರೆ ಬೆಳೆ ಹೋಯಿತು. ಮಾವ ಹೋಗಲಿಲ್ಲ. ಗುಳಿಗೆ ಮುಗಿಯಿತು. ಎಂಟು ದಿನಕ್ಕೆ ಒಲೆಯ ಮುಂದೆ ಕುಳಿತಿದ್ದಾಗ ಫಿಟ್ಸ್ ಬಂತು. ಬಲಗೈ ಬೆಂದಿತು. ಅಜ್ಜ ಅಂದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಆ ಆಸ್ಪತ್ರೆ ಗುಳಿಗೆ ಹತ್ತಲಿಲ್ಲ ಕಣಪ್ಪ, ಎಂದ.

ಗುಳಿಗೆ ಹತ್ತಿತ್ತು. ಹತ್ತದೆ ಹೋದದ್ದು ಬಸ್ಸು.

ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಆಸ್ಪತ್ರೆಗೂ ಮನೆಗೂ ನಡುವಿನ ದಾರಿ. ಆ ದಾರಿಯನ್ನು ನಡೆಯಬೇಕಾದವರು ಯಾರು? ರೋಗಿಯೋ, ಆಸ್ಪತ್ರೆಯೋ? ಈ ಪ್ರಶ್ನೆಗೆ ನಮ್ಮ ಕರ್ನಾಟಕದಲ್ಲೇ ಒಂದು ಉತ್ತರ ಹುಡುಕಿದ ಕತೆ ಇದೆ. ಜಗತ್ತಿನ ವೈದ್ಯರು ಬಂದು ನೋಡಿ ಹೋದ ಕತೆ. ನಮಗೇ ಅಷ್ಟಾಗಿ ಗೊತ್ತಿಲ್ಲ.

ಆ ಕತೆಯ ನಾಯಕ ಒಂದು ಆಸ್ಪತ್ರೆ. ಹೆಸರು ನಿಮ್ಹಾನ್ಸ್. ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ. ಆ ಹೆಸರು ಬಂದದ್ದು 1974ರಲ್ಲಿ. ಅದಕ್ಕೆ ಮೊದಲು ಅದು ಮೈಸೂರು ಸಂಸ್ಥಾನದ ಮೆಂಟಲ್ ಹಾಸ್ಪಿಟಲ್. ಜನ ಕರೆದದ್ದು ಹುಚ್ಚಾಸ್ಪತ್ರೆ ಎಂದು. 1930ರ ದಶಕದಲ್ಲಿ ಈಗಿನ ಜಾಗಕ್ಕೆ ಬಂದಾಗ ಅದು ಊರಾಚೆ. ವಿಶಾಲವಾದ ತೋಟ, ಸುತ್ತ ಗೋಡೆ, ದೊಡ್ಡ ಗೇಟು. ರಾಜ್ಯದಲ್ಲಿ ಇಂಥ ಇನ್ನೊಂದು ಹಳೆಯ ಆಸ್ಪತ್ರೆ ಧಾರವಾಡದಲ್ಲಿ. ಈ ಕಡೆಯವರು ಜಗಳದಲ್ಲಿ, ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು ಎನ್ನುತ್ತಾರೆ. ಆ ಕಡೆಯವರು, ಧಾರವಾಡಕ್ಕೆ ಕಳಿಸಬೇಕು ಎನ್ನುತ್ತಾರೆ. ಬೈಗುಳವಾಗಿಬಿಟ್ಟ ಆಸ್ಪತ್ರೆಗೆ ಯಾರು ತಾನೇ ತಾವಾಗಿ ಹೋಗುತ್ತಾರೆ? ಕಿಲೋಮೀಟರಿನ ದೂರ ಒಂದು. ನಾಚಿಕೆಯ ದೂರ ಇನ್ನೊಂದು. ಮನಸ್ಸಿನ ಕಾಯಿಲೆಯವರಿಗೆ ಎರಡೂ ಸೇರಿಕೊಂಡು ದಾರಿ ಉದ್ದವಾಗುತ್ತಿತ್ತು.

1970ರ ದಶಕದಲ್ಲಿ ಇಡೀ ಭಾರತಕ್ಕೆ ಇದ್ದ ಮನೋವೈದ್ಯರು ಕೆಲವೇ ನೂರು ಜನ. ಹೆಚ್ಚಿನವರೆಲ್ಲ ದೊಡ್ಡ ಊರುಗಳಲ್ಲಿ. ಹಾಸಿಗೆ ಹೆಚ್ಚು ಮಾಡೋಣ ಎನ್ನುವುದು ಸುಲಭದ ಯೋಚನೆ. ಆದರೆ ನೂರು ಹಾಸಿಗೆ ಹೆಚ್ಚಾದರೆ ನೂರು ಜನಕ್ಕಾಯಿತು. ಉಳಿದ ಲಕ್ಷ ಜನರ ಗತಿ ಏನು?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರಲ್ಲಿ ಒಬ್ಬರು ಡಾ. ಆರ್. ಎಲ್. ಕಪೂರ್. ಅವರು ನಿಮ್ಹಾನ್ಸಿಗೆ ಬರುವ ಮೊದಲು ಕರಾವಳಿಯ ಕೋಟದಲ್ಲಿ ಕೆಲಸ ಮಾಡಿದ್ದರು. ಹೌದು, ಶಿವರಾಮ ಕಾರಂತರ ಕೋಟವೇ. ಸ್ಕಾಟ್ಲೆಂಡಿನ ಮನೋವೈದ್ಯ ಕಾರ್‌ಸ್ಟೇರ್ಸ್ ಅವರ ಜೊತೆ ಸೇರಿ ಅಲ್ಲಿ ಮನೆ ಮನೆ ಸುತ್ತಿದ್ದರು. ಮನಸ್ಸಿಗೆ ಕಾಯಿಲೆಯಾದಾಗ ನೀವು ಯಾರ ಹತ್ತಿರ ಹೋಗುತ್ತೀರಿ ಎಂದು ಕೇಳಿದ್ದರು. ಜನ ಮಂತ್ರವಾದಿಯ ಹತ್ತಿರವೂ ಹೋಗುತ್ತಿದ್ದರು, ದೇವರು ಮೈಮೇಲೆ ಬರುವ ಪಾತ್ರಿಯ ಹತ್ತಿರವೂ ಹೋಗುತ್ತಿದ್ದರು, ಡಾಕ್ಟರ ಹತ್ತಿರವೂ ಹೋಗುತ್ತಿದ್ದರು. ಅವರಿಗೆ ಅದರಲ್ಲಿ ವಿರೋಧವೇನೂ ಕಾಣುತ್ತಿರಲಿಲ್ಲ. ಯಾರು ಕೈಗೆ ಸಿಗುತ್ತಾರೋ ಅವರು. ನಾವು ವಿದ್ಯಾವಂತರು ಇದನ್ನು ಮೂಢನಂಬಿಕೆ ಎಂದು ಬೈದು ಸುಮ್ಮನಾಗುತ್ತೇವೆ. ಮಂತ್ರವಾದಿ ಊರಲ್ಲೇ ಇರುತ್ತಾನೆ, ರಾತ್ರಿ ಕರೆದರೂ ಬರುತ್ತಾನೆ, ಅರ್ಧ ಗಂಟೆ ಕುಳಿತು ಮಾತು ಕೇಳುತ್ತಾನೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

1975ರಲ್ಲಿ ನಿಮ್ಹಾನ್ಸಿನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಮರುವರ್ಷ ಸಕಲವಾರದಲ್ಲಿ ಒಂದು ಗ್ರಾಮೀಣ ಕೇಂದ್ರ. ಸಕಲವಾರ ಎಂದರೆ ಆನೇಕಲ್ ತಾಲೂಕು, ಬನ್ನೇರುಘಟ್ಟದ ಹತ್ತಿರ. ಆಸ್ಪತ್ರೆಯಿಂದ ಸುಮಾರು 15 ಕಿಲೋಮೀಟರ್. ಈಗ ಅಲ್ಲಿಯ ತನಕ ಊರು ಬೆಳೆದುಬಂದಿದೆ. ಆಗ ಅಪ್ಪಟ ಹಳ್ಳಿ. ರಾಗಿ ಹೊಲ, ಕೆರೆ, ಹತ್ತಿರದಲ್ಲೇ ಕಾಡು.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಆಸ್ಪತ್ರೆಯಲ್ಲಿ ಔಷಧಿ ಇತ್ತು. ಹಳ್ಳಿಯಲ್ಲಿ ರೋಗ ಇತ್ತು. ನಡುವಿನ ದಾರಿಯಲ್ಲಿ ಬಸ್ ಚಾರ್ಜು, ಕೂಲಿ ನಷ್ಟ, ನಾಚಿಕೆ ಇತ್ತು. ಆಸ್ಪತ್ರೆ ಗೇಟು ದಾಟಿ 15 ಕಿಲೋಮೀಟರ್ ಹೊರಗೆ ಬಂತು. ಬಂದ ಮೇಲೆ ಏನು ಮಾಡಿತು? ಅದನ್ನು ನೋಡೋಣ.

ಸಕಲವಾರದಲ್ಲಿ ವೈದ್ಯರು ಮೊದಲು ಕಲಿತದ್ದು, ತಾವು ಹಳ್ಳಿಗೆ ಬಂದರೂ ಸಾಲದು ಎನ್ನುವುದನ್ನು. ಒಂದು ಹಳ್ಳಿಗೆ ಬರಬಹುದು. ರಾಜ್ಯದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹಳ್ಳಿಗಳಿವೆ. ಹಾಗಾದರೆ ಹಳ್ಳಿಯಲ್ಲಿ ಈಗಾಗಲೇ ಯಾರಿದ್ದಾರೆ? ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿದ್ದಾರೆ. ಅವರು ಎಂ.ಬಿ.ಬಿ.ಎಸ್. ಓದುವಾಗ ಮನೋವೈದ್ಯಕೀಯವನ್ನು ಓದಿದ್ದು ತೀರಾ ಕಡಿಮೆ. ಸೈಕಲ್ಲಿನಲ್ಲಿ ಮಲೇರಿಯಾ ರಕ್ತಲೇಪನ ತೆಗೆಯಲು ಬರುವ ಆರೋಗ್ಯ ಕಾರ್ಯಕರ್ತನಿದ್ದಾನೆ. ಬಾಣಂತಿಯನ್ನು ನೋಡಲು ಬರುವ ನರ್ಸಮ್ಮ ಇದ್ದಾರೆ. ಇವರು ಪ್ರತಿ ಮನೆಯ ಜಗುಲಿಯನ್ನೂ ಬಲ್ಲವರು. ಇವರಿಗೇ ಕಲಿಸಿದರೆ ಹೇಗೆ?

ಕಲಿಸಿದರು. ಅದರ ವಿಧಾನ ಸ್ವಾರಸ್ಯವಾಗಿದೆ. ಆರೋಗ್ಯ ಕಾರ್ಯಕರ್ತನಿಗೆ ಸ್ಕಿಜೋಫ್ರೀನಿಯಾ ಎನ್ನುವ ತೀವ್ರ ಮನೋರೋಗದ ವ್ಯಾಖ್ಯೆ ಹೇಳಿಕೊಡಲಿಲ್ಲ. ಕೇಳಬೇಕಾದ ಪ್ರಶ್ನೆ ಹೇಳಿಕೊಟ್ಟರು. ಈ ಬೀದಿಯಲ್ಲಿ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವವರು, ನಗುವವರು ಇದ್ದಾರೆಯೆ? ಸ್ನಾನ, ಬಟ್ಟೆ, ಊಟ ಬಿಟ್ಟು ಅಲೆಯುವವರು? ಯಾರೋ ತನಗೆ ಮದ್ದು ಹಾಕಿದ್ದಾರೆ, ಮಾಟ ಮಾಡಿದ್ದಾರೆ ಎಂದು ಹೆದರಿ ಬಾಗಿಲು ಹಾಕಿಕೊಂಡವರು? ಕೈಕಾಲು ಸೆಟೆದು ಪ್ರಜ್ಞೆ ತಪ್ಪಿ ಬೀಳುವವರು? ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದ ಮಕ್ಕಳು? ಬಾಳು ಬೇಸರವಾಗಿದೆ, ಸಾಯಬೇಕು ಎನ್ನುವವರು? ಕೇಳಿ ನೋಡಿ, ಯಾವ ಹಳ್ಳಿಯಲ್ಲೂ ಇದಕ್ಕೆ ಉತ್ತರ ಥಟ್ಟನೆ ಬರುತ್ತದೆ. ಊರಿಗೆ ಎಲ್ಲವೂ ಗೊತ್ತಿರುತ್ತದೆ. ಊರನ್ನು ಕೇಳುವವರು ಇರುವುದಿಲ್ಲ ಅಷ್ಟೆ.

ಡಾಕ್ಟರಿಗೂ ಹಾಗೆಯೇ. ನಾಲ್ಕೈದು ಮುಖ್ಯ ಕಾಯಿಲೆ, ಬೆರಳೆಣಿಕೆಯ ಔಷಧಿ. ಫಿಟ್ಸಿಗೆ ಫಿನೊಬಾರ್ಬಿಟೋನ್. ತೀವ್ರ ಮನೋರೋಗಕ್ಕೆ ಕ್ಲೋರ್‌ಪ್ರೋಮಜೀನ್. ದಿನಾ ಗುಳಿಗೆ ನುಂಗಲು ಒಪ್ಪದವರಿಗೆ ಕೆಲವು ವಾರ ಕೆಲಸ ಮಾಡುವ ಒಂದು ಇಂಜೆಕ್ಷನ್. ಖಿನ್ನತೆಗೆ ಒಂದು ಗುಳಿಗೆ. ಎಲ್ಲವೂ ಹಳೆಯ ಔಷಧಿ, ಅಗ್ಗದ ಔಷಧಿ. ಯಾವುದು ತನ್ನ ಕೈಮೀರಿದ್ದು, ಯಾರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕು ಎನ್ನುವ ವಿವೇಕವೂ ತರಬೇತಿಯ ಭಾಗ. ನನ್ನ ಲೆಕ್ಕದಲ್ಲಿ ಅದೇ ಮುಖ್ಯ ಭಾಗ.

ಒಂದು ಹಳ್ಳಿಯಲ್ಲಿ ಆದದ್ದು ಒಂದು ಜಿಲ್ಲೆಯಲ್ಲಿ ಆದೀತೆ? 1980ರ ದಶಕದ ನಡುವೆ ಅದನ್ನು ಪರೀಕ್ಷೆಗೆ ಒಡ್ಡಿದರು. ಆರಿಸಿಕೊಂಡದ್ದು ಬಳ್ಳಾರಿ. ಸುಲಭದ ಜಿಲ್ಲೆಯಲ್ಲ. ಬೆಂಗಳೂರಿನಿಂದ 300 ಕಿಲೋಮೀಟರ್. ಬಿಸಿಲು, ಗಣಿ, ಬರ. ಅವಿಭಜಿತ ಬಳ್ಳಾರಿ, ಅಂದರೆ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಸೇರಿ. ಜನಸಂಖ್ಯೆ ಸುಮಾರು 20 ಲಕ್ಷ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಎರಡು ವಾರದ ತರಬೇತಿ. ಕಾರ್ಯಕರ್ತರಿಗೆ ಒಂದು ವಾರ. ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬ ಮನೋವೈದ್ಯರ ತಂಡ, ಬೆನ್ನಿಗೆ ನಿಲ್ಲಲು. ಡಾ. ಆರ್. ಶ್ರೀನಿವಾಸ ಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ. ಆರ್. ಚಂದ್ರಶೇಖರ್ ಮುಂತಾದವರು ಈ ಕೆಲಸದ ಹಿಂದಿದ್ದರು. ಚಂದ್ರಶೇಖರ್ ಅವರ ದನಿ ರೇಡಿಯೊ ಕೇಳುವ ನಿಮಗೆ ಹೊಸದಲ್ಲ. ಮನಸ್ಸಿನ ಕಾಯಿಲೆಯ ಬಗ್ಗೆ ಸರಳ ಕನ್ನಡದಲ್ಲಿ ಅವರು ಬರೆದಷ್ಟು ಪುಸ್ತಕ ಇನ್ನೊಬ್ಬ ವೈದ್ಯರು ಬರೆದಿರಲಾರರು. ಆ ಕನ್ನಡ ಅವರಿಗೆ ಹಳ್ಳಿಯ ರೋಗಿಗಳ ಜೊತೆ ಮಾತಾಡಿಯೇ ಬಂದದ್ದು ಎಂದು ನನ್ನ ಊಹೆ.

ಬಳ್ಳಾರಿಯಲ್ಲಿ ರೋಗಿಗಳು ಬಂದರು. ದೊಡ್ಡಾಸ್ಪತ್ರೆಗೆ ಅಲ್ಲ, ತಮ್ಮ ಹೋಬಳಿಯ ಆರೋಗ್ಯ ಕೇಂದ್ರಕ್ಕೆ. ನೆಗಡಿ ಜ್ವರದವರ ಜೊತೆ ಅದೇ ಬೆಂಚಿನ ಮೇಲೆ ಕುಳಿತರು. ಈ ಬೆಂಚು ಸಣ್ಣ ವಿಷಯವಲ್ಲ. ಆ ಬೆಂಚಿನ ಮೇಲೆ ಕುಳಿತವರನ್ನು ನೋಡಿ ಯಾರೂ ಹುಚ್ಚಾಸ್ಪತ್ರೆಗೆ ಬಂದಿದ್ದಾರೆ ಎನ್ನುವಂತಿರಲಿಲ್ಲ. ನಾಚಿಕೆಯ ದೂರ ಅಷ್ಟರಮಟ್ಟಿಗೆ ತಗ್ಗಿತು. ಮುಂದೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಬಳ್ಳಾರಿಯನ್ನೇ. ದೇಶದ ಯಾವ ಮೂಲೆಯಲ್ಲಿ ಈ ಕಾರ್ಯಕ್ರಮ ನಡೆದರೂ ಅದರ ಬೇರು ನಮ್ಮ ಬಳ್ಳಾರಿಯಲ್ಲಿದೆ.

ಎಲ್ಲವೂ ಸುಸೂತ್ರವಾಯಿತು ಎಂದು ನಾನು ಹೇಳಿದರೆ ನೀವು ರೇಡಿಯೊ ಆರಿಸಿಬಿಡಬೇಕು. ತರಬೇತಿ ಪಡೆದ ಡಾಕ್ಟರು ವರ್ಗವಾಗುತ್ತಾರೆ. ಹೊಸಬರಿಗೆ ಮತ್ತೆ ತರಬೇತಿ ಬೇಕು. ಗುಳಿಗೆಯ ಸರಬರಾಜು ಒಂದು ತಿಂಗಳು ತಪ್ಪಿದರೆ ನಮ್ಮ ಮಾವನ ಕತೆಯೇ ಮರುಕಳಿಸುತ್ತದೆ. ದೇಶದ ಎಷ್ಟೋ ಜಿಲ್ಲೆಗಳಲ್ಲಿ ಮನೋವೈದ್ಯರು ಬಂದು ಜಿಲ್ಲಾ ಆಸ್ಪತ್ರೆಯ ಕೋಣೆಯಲ್ಲಿ ಕುಳಿತರು, ಬಂದವರನ್ನು ನೋಡಿದರು, ಅಷ್ಟಕ್ಕೇ ಕಾರ್ಯಕ್ರಮ ನಿಂತಿತು. ರಾಜಧಾನಿಯ ಗೇಟು ಜಿಲ್ಲಾ ಕೇಂದ್ರಕ್ಕೆ ಬಂತು. ಗೇಟು ಗೇಟಾಗಿಯೇ ಉಳಿಯಿತು.

ಇಷ್ಟು ಹೊತ್ತು ಎರಡು ಹೆಜ್ಜೆ ನೋಡಿದೆವು. ಆಸ್ಪತ್ರೆ ಹೊರಗೆ ಬಂದದ್ದು ಒಂದು. ತನ್ನ ತಿಳಿವಳಿಕೆಯನ್ನು ಹಳ್ಳಿಯಲ್ಲಿ ಇರುವವರ ಕೈಗೆ ಕೊಟ್ಟದ್ದು ಇನ್ನೊಂದು. ಈಗ ಗುಳಿಗೆಯ ಮಾತು. ಕೊಟ್ಟ ಗುಳಿಗೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ? ಇದಕ್ಕೆ ಚಾಮರಾಜನಗರ ಜಿಲ್ಲೆಯ ಯಳಂದೂರಿಗೆ ಹೋಗಬೇಕು.

ಯಳಂದೂರು ಚಿಕ್ಕ ತಾಲೂಕು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಕೆಳಗೆ ಕಬ್ಬು ಭತ್ತದ ಬಯಲು. ಬೆಟ್ಟದ ಮೇಲೆ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಬಯಲಿನಲ್ಲಿ 1986ರಿಂದ ಕರುಣಾ ಟ್ರಸ್ಟ್ ಕುಷ್ಠರೋಗದ ಕೆಲಸ ಮಾಡಿಕೊಂಡು ಬಂದಿತ್ತು. ಅಂದರೆ ಮನೆ ಮನೆಗೆ ಹೋಗಿ, ಚರ್ಮದ ಮೇಲಿನ ಮಚ್ಚೆ ನೋಡಿ, ಔಷಧಿ ಕೊಟ್ಟು, ಮತ್ತೆ ಹೋಗಿ ನುಂಗಿದರೇ ಎಂದು ಕೇಳುವುದು ಆ ತಾಲೂಕಿಗೆ ಹೊಸದಾಗಿರಲಿಲ್ಲ.

1990ರ ಸುಮಾರಿಗೆ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಇಲ್ಲಿ ಫಿಟ್ಸ್ ಇರುವವರನ್ನು ಹುಡುಕಿದರು. ಸುಮಾರು 65 ಸಾವಿರ ಜನಸಂಖ್ಯೆಯ ಮನೆಗಳನ್ನು ಸುತ್ತಿದರು. ಸಿಕ್ಕವರಿಗೆ ಎರಡೇ ಹಳೆಯ ಔಷಧಿ. ಫಿನೊಬಾರ್ಬಿಟೋನ್ ಇಲ್ಲವೇ ಫಿನೈಟಾಯಿನ್. ಸ್ಕ್ಯಾನಿಂಗ್ ಯಂತ್ರದ ಗೊಡವೆ ಇಲ್ಲ. ತಜ್ಞರು ರೋಗಿಗಳಿದ್ದಲ್ಲಿಗೇ ಬಂದರು. ಐದು ವರ್ಷ ಬಿಡದೆ ಹಿಂಬಾಲಿಸಿದರು. ಕೊನೆಯಲ್ಲಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಜನ ಎರಡು ವರ್ಷದಿಂದ ಒಂದೂ ಫಿಟ್ಸ್ ಇಲ್ಲದೆ ಇದ್ದರು. 2001ರಲ್ಲಿ ಈ ವರದಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಯಳಂದೂರು ಅಧ್ಯಯನ ಎಂದೇ ಅದರ ಹೆಸರು. ನಮ್ಮ ಒಂದು ಪುಟ್ಟ ತಾಲೂಕಿನ ಹೆಸರು ಜಗತ್ತಿನ ನರವೈದ್ಯರ ಬಾಯಲ್ಲಿ ಓಡಾಡಿತು. ಕಾಸಿನ ಗುಳಿಗೆಯಿಂದ.

ಯಳಂದೂರು ಸೀಮೆಯಲ್ಲಿ ಇನ್ನೊಂದು ವಿಚಿತ್ರವೂ ಎದ್ದು ಕಂಡಿತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೇ ಮೈಸೂರಿನ ಕೇಳುಗರು ಕಿವಿಗೊಡಬೇಕು.

ನಮ್ಮ ಮನೆಗಳ ಬಚ್ಚಲು ನೆನಪಿಸಿಕೊಳ್ಳಿ. ತಾಮ್ರದ ಹಂಡೆ. ಕೆಳಗೆ ತೆಂಗಿನ ಗರಿ, ಸೌದೆ ಉರಿಯುತ್ತಿರುತ್ತದೆ. ಹಂಡೆಯ ನೀರು ಕೈ ಇಡಲಾಗದಷ್ಟು ಬಿಸಿ. ವಾರಕ್ಕೊಂದು ದಿನ ಎಣ್ಣೆಸ್ನಾನ. ಹುಡುಗನನ್ನು ಮಣೆಯ ಮೇಲೆ ಕೂರಿಸಿ ತಾಯಿಯೋ ಅಜ್ಜಿಯೋ ಚೆಂಬಿನ ಮೇಲೆ ಚೆಂಬು ನೀರು ನೆತ್ತಿಗೆ ಸುರಿಯುತ್ತಾರೆ. ಅತ್ತರೂ ಬಿಡುವುದಿಲ್ಲ. ಕೆಲವು ಮಕ್ಕಳು ಆ ನಡುವೆ ಕಣ್ಣು ಮೇಲೆ ಮಾಡಿ, ತೊದಲಿ, ಪ್ರಜ್ಞೆ ತಪ್ಪುತ್ತಾರೆ. ಮನೆಯವರು ನೀರಿನ ದೆವ್ವ ಎಂದಾರು, ದೃಷ್ಟಿ ಎಂದಾರು. ಅದು ದೆವ್ವವಲ್ಲ. ಅದಕ್ಕೆ ಬಿಸಿನೀರಿನ ಅಪಸ್ಮಾರ ಎಂದು ಹೆಸರು. ಜಗತ್ತಿನಲ್ಲಿ ಬಲು ಅಪರೂಪ. ದಕ್ಷಿಣ ಕರ್ನಾಟಕದಲ್ಲಿ ಮಾತ್ರ ಸಾಮಾನ್ಯ. ಡಾ. ಮಣಿ ಅವರು 1960ರ ದಶಕದಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಆಮೇಲೆ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು.

ಇದಕ್ಕೆ ಮೊದಲ ಚಿಕಿತ್ಸೆ ಏನು ಗೊತ್ತೆ? ನೀರಿನ ಬಿಸಿ ಕಡಿಮೆ ಮಾಡುವುದು. ಬೆಚ್ಚಗಿನ ನೀರು. ನೆತ್ತಿಗೆ ಒಂದೇ ಸಮನೆ ಸುರಿಯದಿರುವುದು. ಅದಕ್ಕೂ ನಿಲ್ಲದಿದ್ದರೆ ಡಾಕ್ಟರು ಹೇಳಿದಂತೆ ಗುಳಿಗೆ. ಹೇಳಿ, ಈ ಚಿಕಿತ್ಸೆಯನ್ನು ಬೆಂಗಳೂರಿನ ಕೋಣೆಯಲ್ಲಿ ಕುಳಿತು ಬರೆದುಕೊಡಲು ಆಗುತ್ತದೆಯೆ? ಚೀಟಿ ಬರೆಯಬಹುದು. ಅಜ್ಜಿಯನ್ನು ಒಪ್ಪಿಸುವವರು ಯಾರು? ಬಚ್ಚಲ ತನಕ ಹೋಗಬಲ್ಲ ನರ್ಸಮ್ಮನೇ ಬೇಕು. ಅವಳು ಚೆಂಬಿನ ನೀರಿಗೆ ಕೈಯಿಟ್ಟು, ಅಮ್ಮಾ, ಇಷ್ಟು ಬಿಸಿ ಸಾಕು ಎನ್ನಬೇಕು.

ಬೀಗದ ಕೈಯ ಮಾತು ಆಗಲೇ ಬಂತು. ರೇಡಿಯೊ ಮುಂದೆ ಕುಳಿತ ಯಾರಿಗಾದರೂ ಉಪಯೋಗವಾದೀತು, ಅದಕ್ಕೆ ಹೇಳುತ್ತೇನೆ. ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಏನೂ ಕೊಡಬೇಡಿ. ಬಾಯಿಗೆ ಏನೂ ಹಾಕಬೇಡಿ, ನೀರನ್ನೂ. ಹತ್ತಿರದ ಕಲ್ಲು, ಬೆಂಕಿ, ಚೂಪು ಸಾಮಾನು ಸರಿಸಿ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ನುಂಗುತ್ತಿರುವ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು. ನಮ್ಮ ಮಾವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮೂರು ನಿಮಿಷದಲ್ಲಿ ಅಷ್ಟೆಲ್ಲ ಹೇಳಲು ಹೊತ್ತೆಲ್ಲಿ?

ಹೊರಗೆ ಬಂದ ಆಸ್ಪತ್ರೆ, ಕಲಿಸಿದ ಆಸ್ಪತ್ರೆ, ಗುಳಿಗೆ ತಪ್ಪದಂತೆ ಹಿಂದೆ ಬಿದ್ದ ಆಸ್ಪತ್ರೆ. ಇಷ್ಟಾಯಿತು. ಆದರೂ ಒಂದು ಗುಂಪು ಉಳಿಯುತ್ತದೆ. ಅವರು ಆರೋಗ್ಯ ಕೇಂದ್ರ ಪಕ್ಕದ ಬೀದಿಯಲ್ಲಿದ್ದರೂ ಬರುವುದಿಲ್ಲ. ಬರಬೇಕು ಎಂದು ಅವರಿಗೆ ಅನ್ನಿಸುವುದೂ ಇಲ್ಲ. ಅವರನ್ನು ಏನು ಮಾಡುವುದು?

ಮಲೆನಾಡಿಗೆ ಹೋಗೋಣ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ. ತಾಲೂಕಿನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಆದರೆ ಊರು ಎಂದರೆ ಬಯಲುಸೀಮೆಯಂತೆ ಒತ್ತಾಗಿ ಕಟ್ಟಿದ ಮನೆಗಳಲ್ಲ. ಅಡಿಕೆ ತೋಟದ ಅಂಚಿಗೆ ಒಂದು ಮನೆ. ಗುಡ್ಡದಾಚೆ ಇನ್ನೊಂದು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾಟುವುದೇ ಕಷ್ಟ. ಇಂಥ ಕಡೆ ಒಬ್ಬ ಮನುಷ್ಯ ಹತ್ತು ವರ್ಷ ಅಟ್ಟದ ಮೇಲೆ ಕುಳಿತಿದ್ದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ.

2005ರಲ್ಲಿ ನಿಮ್ಹಾನ್ಸಿನ ಒಂದು ತಂಡ ಇಲ್ಲಿ ಕೆಲಸ ಶುರು ಮಾಡಿತು. ಮುಂದಾಳು ಡಾ. ಜಗದೀಶ ತೀರ್ಥಹಳ್ಳಿ. ತಾಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇರುವ ಪ್ರತಿಯೊಬ್ಬರನ್ನೂ ಹುಡುಕಬೇಕು, ಚಿಕಿತ್ಸೆಗೆ ತರಬೇಕು, ತಂದವರನ್ನು ಕೈಬಿಡಬಾರದು. ಇದು ಅವರ ಹಟ. ಗಮನಿಸಿ, ಪ್ರತಿಯೊಬ್ಬರನ್ನೂ. ಬಂದವರನ್ನಲ್ಲ. ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹುಡುಕಿದರು. ಬರಬೇಕಾದ ದಿನ ಬರದವರಿಗೆ ಫೋನು ಮಾಡಿದರು, ಮನೆಗೂ ಹೋದರು. ಆಮೇಲೆ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲೂ ಇದೇ ಕ್ರಮ. ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲೂ.

ತೀರ್ಥಹಳ್ಳಿ ಕಲಿಸಿದ ಪಾಠವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಚಿಕಿತ್ಸೆ ಇಲ್ಲದೆ ಬಿಟ್ಟವರ ಅಸಹಾಯಕತೆ ಹೆಚ್ಚು. ಸಾಮಾನ್ಯ ಔಷಧಿಯನ್ನೇ ಬಿಡದೆ ಕೊಟ್ಟವರಲ್ಲಿ ಅದು ತಗ್ಗುತ್ತದೆ. ಅಸಹಾಯಕತೆ ಎಂದರೆ ಪುಸ್ತಕದ ಮಾತಲ್ಲ. ತಾನೇ ಸ್ನಾನ ಮಾಡುವುದು, ಮನೆಯವರ ಜೊತೆ ಕೂತು ಉಣ್ಣುವುದು, ಅಡಿಕೆ ಸುಲಿಯಲು ಕೂರುವುದು, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದು. ಔಷಧಿ ಈ ಕೆಲಸಗಳನ್ನು ಮರಳಿ ಕೊಡುತ್ತದೆ. ಎಲ್ಲರಿಗೂ ಅಲ್ಲ, ಪೂರ್ತಿ ಅಲ್ಲ. ಆದರೂ ಕೊಡುತ್ತದೆ.

ಹುಡುಕಿಕೊಂಡು ಹೋಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ದಿನಾಂಕ ಹೇಳಿ ಮುಂದೆ ಹೋಗುತ್ತೇನೆ. 2001ರ ಆಗಸ್ಟ್ 6. ತಮಿಳುನಾಡಿನ ಏರ್ವಾಡಿ. ದರ್ಗಾದ ಆಸರೆಗೆಂದು ಕರೆತಂದ ಮನೋರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಒಂದು ಚಪ್ಪರಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರು ಓಡಲಾಗಲಿಲ್ಲ. 25ಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಅಲ್ಲಿಗೆ ಬಿಟ್ಟುಬಂದ ಮನೆಯವರನ್ನು ಕಟುಕರು ಎನ್ನಲು ನನಗೆ ಬಾಯಿ ಬರುವುದಿಲ್ಲ. ದೇವರ ಸನ್ನಿಧಿ ಬಸ್ಸಿನ ದಾರಿಯಲ್ಲಿತ್ತು. ಚಿಕಿತ್ಸೆ ಇರಲಿಲ್ಲ. ನಮ್ಮ ಗಾಣಗಾಪುರದ ಗುಡಿಯ ಪೌಳಿಯಲ್ಲಿ ಕೂಗುವವರನ್ನು ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಗುಡಿಗೆ ಹೋಗಬೇಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಗುಡಿಯ ಪಕ್ಕದಲ್ಲಿ ಗುಳಿಗೆ ಕೊಡುವವರೂ ಇರಲಿ.

ಕೇಳುಗರೇ, ನಾಲ್ಕು ಊರು ಸುತ್ತಿದೆವು. ಸಕಲವಾರ, ಬಳ್ಳಾರಿ, ಯಳಂದೂರು, ತೀರ್ಥಹಳ್ಳಿ. ಎಲ್ಲ ಕಡೆ ಒಂದೇ ಕೆಲಸ. ರೋಗಿಯ ದಾರಿಯಲ್ಲಿ ಒಂದಷ್ಟನ್ನು ಆಸ್ಪತ್ರೆ ತಾನು ನಡೆದದ್ದು. ಹಾಗಾದರೆ ಎಲ್ಲ ಆಸ್ಪತ್ರೆಗಳೂ ಕ್ಯಾಂಪು ಮಾಡುತ್ತವಲ್ಲ, ಅದೂ ಇದೇ ಅಲ್ಲವೇ ಎಂದು ನೀವು ಕೇಳಬಹುದು.

ಅಲ್ಲ. ನನಗೆ ಕ್ಯಾಂಪುಗಳ ಮೇಲೆ ಸ್ವಲ್ಪ ಸಿಟ್ಟಿದೆ. ಶಾಲೆಯ ಮೈದಾನದಲ್ಲಿ ಶಾಮಿಯಾನ. ಗಣ್ಯರ ಭಾಷಣ ಹನ್ನೆರಡರ ತನಕ. ಬಿಸಿಲಲ್ಲಿ ಸಾಲು. ಬಿ.ಪಿ. ನೋಡಿ, ಸಕ್ಕರೆ ನೋಡಿ, ಐದು ದಿನದ ಗುಳಿಗೆ ಕೊಟ್ಟು, ಫೋಟೊ ತೆಗೆದು, ಸಂಜೆಗೆ ಶಾಮಿಯಾನ ಬಿಚ್ಚುತ್ತಾರೆ. ಬಿ.ಪಿ. ಆರನೆಯ ದಿನವೂ ಇರುತ್ತದೆ. ಆಸ್ಪತ್ರೆ ಇರುವುದಿಲ್ಲ. ಕಣ್ಣಿನ ಪೊರೆ ತೆಗೆಯುವ ಕ್ಯಾಂಪು ಬೇರೆ, ಅದು ಒಂದು ಸಲಕ್ಕೆ ಮುಗಿಯುವ ಕೆಲಸ. ಆದರೆ ಫಿಟ್ಸು, ಮನೋರೋಗ, ಸಕ್ಕರೆ ಕಾಯಿಲೆ, ಬಿ.ಪಿ. ಇವೆಲ್ಲ ವರ್ಷಗಟ್ಟಲೆ ಜೊತೆಗಿರುವ ಕಾಯಿಲೆ. ಇವಕ್ಕೆ ದಿನಾಂಕ ತಪ್ಪದೆ ಬರುವ ಆಸ್ಪತ್ರೆ ಬೇಕು. ತಿಂಗಳ ಎರಡನೆಯ ಶನಿವಾರ ಬರುತ್ತೇವೆ ಎಂದರೆ ಬರಬೇಕು. ಮಳೆ ಬಂದರೂ, ಮಂತ್ರಿ ಬರದಿದ್ದರೂ. ಸಂತೆ ಹಾಗೆಯೇ ತಾನೆ? ಸಂತೆಯ ದಿನ ಯಾವುದೆಂದು ಯಾರೂ ಕರಪತ್ರ ಹಂಚುವುದಿಲ್ಲ. ಜನರಿಗೆ ಗೊತ್ತಿರುತ್ತದೆ.

ಖರ್ಚಿನ ಮಾತೂ ಬರುತ್ತದೆ. ಆಸ್ಪತ್ರೆಯ ಲೆಕ್ಕದ ಪುಸ್ತಕದಲ್ಲಿ ಜೀಪಿನ ಡೀಸೆಲ್ ಖರ್ಚಾಗಿ ಕಾಣುತ್ತದೆ. ನೂರು ರೋಗಿಗಳ ಬಸ್ ಚಾರ್ಜು ಎಲ್ಲೂ ಕಾಣುವುದಿಲ್ಲ. ಅದು ನೂರು ಮನೆಗಳ ಲೆಕ್ಕ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಯಾವುದು ಅಗ್ಗ ಎಂದು ಮೂರನೆಯ ತರಗತಿಯ ಮಗುವೂ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಎರಡು ಲೆಕ್ಕವನ್ನು ಹತ್ತಿರ ತಂದಿದೆ. ಮನಸ್ಸಿನ ಕಾಯಿಲೆಗೆ ಸರ್ಕಾರದ ಚಿಕಿತ್ಸೆ ಪಡೆಯುವುದು ಈಗ ಹಕ್ಕು. ಸರಪಳಿಯಲ್ಲಿ ಕಟ್ಟುವಂತಿಲ್ಲ. ಕಾಯ್ದೆಯ ಭಾಷೆ ಚೆನ್ನಾಗಿದೆ. ಆದರೆ ಕಾಯ್ದೆ ಬರುವ ಮುಂಚೆ, ನಿಮ್ಹಾನ್ಸ್ 2015 ಮತ್ತು 2016ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ವಯಸ್ಕರಲ್ಲಿ ಹತ್ತಕ್ಕೊಬ್ಬರಿಗೆ ಮನಸ್ಸಿನ ತೊಂದರೆ ಇತ್ತು. ಅಂಥವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರ ಸುಳಿದಿರಲಿಲ್ಲ. ಕಾಯ್ದೆಯ ಭಾಷೆ ಆ ಮನೆಗಳನ್ನು ಮುಟ್ಟುವುದು ಬಾಕಿ ಇದೆ.

ಈಗ ನಮ್ಮ ಊರಲ್ಲಿ ಏನಿದೆ? ಕೊನೆಯದಾಗಿ ಅದನ್ನು ಹೇಳಿ ಮುಗಿಸುತ್ತೇನೆ.

ಒಂದು, ಫೋನು. 2022ರ ಅಕ್ಟೋಬರಿನಿಂದ ಟೆಲಿ ಮನಸ್ ಎನ್ನುವ ಸಹಾಯವಾಣಿ ಇದೆ. ನಂಬರು 14416. ಮತ್ತೊಮ್ಮೆ ಹೇಳುತ್ತೇನೆ, ಪೆನ್ಸಿಲ್ ಹುಡುಕುವವರಿಗೆ. ಒಂದು, ನಾಲ್ಕು, ನಾಲ್ಕು, ಒಂದು, ಆರು. ದುಡ್ಡು ಬೀಳುವುದಿಲ್ಲ. ಕನ್ನಡದಲ್ಲಿ ಮಾತಾಡಬಹುದು. ರಾತ್ರಿಯೂ ಮಾತಾಡಬಹುದು. ನಾಚಿಕೆಯ ದೂರವನ್ನು ಫೋನು ಚೆನ್ನಾಗಿ ದಾಟುತ್ತದೆ. ಎದುರಿಗೆ ಮುಖ ಇಲ್ಲ. ರೇಡಿಯೊದ ಹಾಗೆಯೇ.

ಇನ್ನೊಂದು, ಮಂಗಳವಾರ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ, ಎಷ್ಟು ಗಂಟೆಗೆ ಎಂದು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಆಸ್ಪತ್ರೆಯವರನ್ನು ಕೇಳಿ. ಬಂದಿದ್ದಾರೆಯೇ ಎಂದೂ ಕೇಳಿ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಿ.

ನಮ್ಮ ಮಾವ ಈಗಿಲ್ಲ. ಕೈಯ ಸುಟ್ಟ ಕಲೆ ಕೊನೆಯ ತನಕ ಇತ್ತು. ನಡುವಯಸ್ಸಿನಲ್ಲಿ ಅವನಿಗೆ ತಾಲೂಕು ಆಸ್ಪತ್ರೆಯಲ್ಲೇ ಗುಳಿಗೆ ಸಿಗಲು ಶುರುವಾಯಿತು. ಸಂತೆಯ ದಿನ ಹೋಗಿ, ಗುಳಿಗೆಯನ್ನೂ ಮೆಣಸಿನಕಾಯಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದ.

ಇವತ್ತು ಸೋಮವಾರ. ನಾಳೆ ಬೆಳಿಗ್ಗೆ ತಾಲೂಕು ಆಸ್ಪತ್ರೆಯ ಚೀಟಿ ಕಿಟಕಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ವಿಚಾರಿಸಿಕೊಂಡು ಹೊರಡಿ.